ಗೂಡಾದ ಮೇಲೆ

ಜುಲೈ 8, ಸೋಮವಾರ

ಇವತ್ತಿನಿಂದ ನಾನು ಜೀವಶಾಸ್ತ್ರದ ಮೇಷ್ಟ್ರು. ನಗಬೇಕೋ ಅಳಬೇಕೋ ತಿಳಿಯುತ್ತಿಲ್ಲ.

ನಾಗಮಣಿ ಮೇಡಂ ಹೆರಿಗೆ ರಜೆಗೆ ಹೋದರು. ಹೋಗಲಿ, ಪಾಪ. ಆದರೆ ಅವರ ಜಾಗಕ್ಕೆ ಯಾರನ್ನಾದರೂ ಹಾಕುತ್ತಾರೆ ಅಂತ ಕಾದದ್ದೇ ಬಂತು. ಹೆಡ್‌ಮಾಸ್ಟರ್ ಜಯಪ್ರಕಾಶ್ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟರು. ಅವರು ಹೆಗಲ ಮೇಲೆ ಕೈಯಿಟ್ಟರೆ ಏನೋ ಗ್ರಹಚಾರ ಕಾದಿದೆ ಅಂತಲೇ ಲೆಕ್ಕ. "ಶಶಿಧರ್, ಎಂಟನೇ ಕ್ಲಾಸಿನ ಬಯಾಲಜಿ ನೀವೇ ನೋಡ್ಕೊಬುಡಿ. ಎಲ್ಲಾ ವಿಜ್ಞಾನಾನೇ ಅಲ್ವಾ?" ಅಂದರು. ಅಲ್ಲ ಸ್ವಾಮಿ! ಇಷ್ಟು ವರ್ಷ ಗಣಿತ, ಭೌತಶಾಸ್ತ್ರ ಹೇಳಿಕೊಂಡು ಮರ್ಯಾದೆಯಿಂದ ಇದ್ದವನು ನಾನು. ಅಲ್ಲಿ ಒಂದು ಸೂತ್ರ ಬರೆದರೆ ಅದು ಮಳವಳ್ಳಿಯಲ್ಲೂ ನಿಜ, ಮದ್ದೂರಿನಲ್ಲೂ ನಿಜ. ಜೀವಶಾಸ್ತ್ರದಲ್ಲಿ ಏನಿದೆ? ಪುಟದ ತುಂಬ ಬಾಯಿಪಾಠದ ಹೆಸರುಗಳು, ಪ್ರತಿ ನಿಯಮದ ಹಿಂದೆ "ಕೆಲವನ್ನು ಹೊರತುಪಡಿಸಿ" ಅನ್ನುವ ಬಾಲ.

ಕೋಣೆಗೆ ಬಂದರೆ ಇನ್ನೊಂದು ಕಾಟ. ನನ್ನ ಮನೆ ಮಂಡ್ಯದಲ್ಲಿದೆ. ಅಲ್ಲಿ ಕವಿತ, ಅವಳ ಬ್ಯಾಂಕ್ ಕೆಲಸ. ಶನಿವಾರ ಹೋಗಿ ಸೋಮವಾರ ಬೆಳಿಗ್ಗೆ ಬರುತ್ತೇನೆ. ವಾರವೆಲ್ಲ ಈ ಪೂರಿಗಾಲಿ ಕಡೆಯ ಹಳ್ಳಿಯಲ್ಲಿ ಇಂದ್ರಮ್ಮನವರ ಬಾಡಿಗೆ ಕೋಣೆ. ಗೋಡೆಯ ಆಚೆಗೇ ಅವರ ಹುಳದ ಮನೆ, ಅಂದರೆ ರೇಷ್ಮೆ ಹುಳ ಸಾಕುವ ಮನೆ. ಹುಳಕ್ಕೆ ವಾಸನೆ ಆಗುವುದಿಲ್ಲವಂತೆ. ಹಾಗಾಗಿ ನಾನು ಒಗ್ಗರಣೆ ಹಾಕುವಂತಿಲ್ಲ, ಊದುಬತ್ತಿ ಹಚ್ಚುವಂತಿಲ್ಲ, ಸೊಳ್ಳೆ ಬತ್ತಿ ಅಂತೂ ಕೇಳಲೇಬೇಡಿ. ಇವತ್ತು ತಡೆಯಲಾರದೆ ಎರಡು ಕಾಳು ಸಾಸಿವೆ ಸಿಡಿಸಿದೆ. ಬಾಗಿಲು ಬಡಿದರು.

"ಮೇಷ್ಟ್ರೇ, ಸಾಸ್ವೆ ವಾಸ್ನೆ ಬತ್ತಾ ಅದೆ."

"ಈಗ ಒಳಗೆ ಹುಳವೇ ಇಲ್ಲವಲ್ಲ ಇಂದ್ರಮ್ಮ."

"ಉಳ ಇಲ್ಲ ಕಣಪ್ಪ, ಮನೆ ಅದಲ್ಲ. ಗೋಡೆ ಕುಡ್ಕೊಂಡ್ಬುಡ್ತದೆ."

ಗೋಡೆ ವಾಸನೆ ಕುಡಿಯುತ್ತದಂತೆ. ಇವರಿಗೆ ನಾನು ವಿಜ್ಞಾನದ ಮೇಷ್ಟ್ರು.

ಜುಲೈ 11, ಗುರುವಾರ

ಈರುಳ್ಳಿ ಪೊರೆಯಲ್ಲಿ ಜೀವಕೋಶ ತೋರಿಸಬೇಕಿತ್ತು. ಶಾಲೆಯಲ್ಲಿರುವುದು ಒಂದೇ ಸೂಕ್ಷ್ಮದರ್ಶಕ, ಅದರ ಗಾಜಿಗೆ ಬೂಷ್ಟು. ನಾನೇ ಮೊದಲು ನೋಡಿದೆ. ಕಪ್ಪು ಗೆರೆಗಳು ಕಂಡವು. "ಇದೇ ಕೋಶಭಿತ್ತಿ, ಎಲ್ಲರೂ ಬರೆದುಕೊಳ್ಳಿ" ಅಂದೆ. ಎಲ್ಲರೂ ಸಾಲಾಗಿ ಬಂದು ನೋಡಿದರು, ಚಿತ್ರ ಬರೆದರು. ಕೊನೆಗೆ ಇಂದ್ರಮ್ಮನ ಮೊಮ್ಮಗಳು ಅಮೃತ ಬಗ್ಗಿದಳು. ಎರಡು ಸಲ ನೋಡಿದಳು.

"ಸಾರ್, ಕಣ್ಣು ಮಿಟುಕಿಸಿದ್ರೆ ಅದೂ ಅಲ್ಲಾಡ್ತದೆ."

ನಮ್ಮ ರೆಪ್ಪೆಯ ಕೂದಲು. ತರಗತಿಯವರೆಲ್ಲ ಅವರವರ ರೆಪ್ಪೆಯನ್ನು ಬರೆದು ಕೋಶಭಿತ್ತಿ ಎಂದು ಹೆಸರಿಟ್ಟಿದ್ದಾರೆ. ಆ ಹುಡುಗಿಯ ಮೇಲೆ ನನಗೆ ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ.

ಜುಲೈ 19, ಶುಕ್ರವಾರ

ಕಿರು ಪರೀಕ್ಷೆಯ ಪತ್ರಿಕೆ ತಿದ್ದುತ್ತಾ ಕೂತಿದ್ದೇನೆ. ನಾಗಮಣಿ ಮೇಡಂ ಅರ್ಧ ಮಾಡಿಟ್ಟು ಹೋದ ಪಾಠದಿಂದ ಒಂದು ಸುಲಭದ ಪ್ರಶ್ನೆ ಕೊಟ್ಟಿದ್ದೆ: ರೇಷ್ಮೆ ಪತಂಗದ ಜೀವನಚಕ್ರದ ಚಿತ್ರ ಬರೆಯಿರಿ. ಮನೆಮನೆಯಲ್ಲೂ ಹುಳ ಸಾಕುವ ಊರು, ಪೂರ್ತಿ ಅಂಕ ಬಾಚಿಕೊಳ್ಳಲಿ ಅಂತ.

ಮೊಟ್ಟೆ ಬರೆದಿದ್ದಾರೆ. ಹುಳ ಬರೆದಿದ್ದಾರೆ, ಅದೂ ನಮ್ಮ ಪುಸ್ತಕದ ಚಿತ್ರಕ್ಕಿಂತ ಚೆನ್ನಾಗಿ. ಗೂಡು ಬರೆದಿದ್ದಾರೆ. ಆಮೇಲೆ ಬಾಣದ ಗುರುತು, ಆಮೇಲೆ ಒಂದು ಗೂಡ್ಸ್ ಆಟೋ. ಒಬ್ಬರಲ್ಲ, ಇಬ್ಬರಲ್ಲ, ತರಗತಿಗೆ ತರಗತಿಯೇ ಆಟೋ ಬರೆದಿದೆ! ಒಬ್ಬ ನಂಬರ್ ಪ್ಲೇಟನ್ನೂ ಹಾಕಿದ್ದಾನೆ. ಅಮೃತ ಆಟೋ ಬರೆದಿಲ್ಲ, ಚೆಂದದ ಅಕ್ಷರದಲ್ಲಿ "ನಂತರ ರಾಮನಗರಕ್ಕೆ ಹೋಗುತ್ತದೆ" ಎಂದು ಬರೆದಿದ್ದಾಳೆ.

ಎಲ್ಲರಿಗೂ ಸೊನ್ನೆ ಹಾಕಿ ಕೆಂಪು ಪೆನ್ನನ್ನು ಮೂಲೆಗೆ ಎಸೆದೆ.

ಜುಲೈ 20, ಶನಿವಾರ

ತರಗತಿಯಲ್ಲಿ ಪಿತ್ತ ನೆತ್ತಿಗೇರಿಸಿಕೊಂಡೇ ಮಾತಾಡಿದೆ. ಗೂಡಿನೊಳಗೆ ಕೋಶಾವಸ್ಥೆ, ಆಮೇಲೆ ಗೂಡು ತೂತು ಮಾಡಿಕೊಂಡು ಪತಂಗ ಬರುತ್ತದೆ, ಹಾರುತ್ತದೆ, ಮೊಟ್ಟೆ ಇಡುತ್ತದೆ. ಅಮೃತ ಎದ್ದು ನಿಂತಳು.

"ನೀವು ನೋಡಿದೀರಾ ಸಾರ್?"

"ಪುಸ್ತಕದಲ್ಲಿದೆ."

"ಅದಲ್ಲ ಸಾರ್. ನೀವು ನೋಡಿದೀರಾ?"

ಕೂತ್ಕೋ ಅಂದೆ. ಕೂತಳು. ಆದರೆ ಆ ಕೂರುವ ರೀತಿಯಲ್ಲೇ ಉತ್ತರ ಸಿಕ್ಕಿತು ಅನ್ನುವ ಹಾಗಿತ್ತು.

ಬಸ್ಸಿಗೆ ಹೊರಡುವ ಮುಂಚೆ ಜಗುಲಿಯಲ್ಲಿದ್ದ ಇಂದ್ರಮ್ಮನನ್ನು ಕೇಳಿದೆ, ನೀವಾದರೂ ನೋಡಿದ್ದೀರಾ ಎಂದು. ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಚಿಟ್ಟೆ ಆಗೋಗಂಟ ಯಾರ್ ಮಡಿಕಂತಾರೆ ಮೇಷ್ಟ್ರೇ? ಗೂಡು ತೂತಾದ್ರೆ ನೂಲು ಬರಾಕಿಲ್ಲ. ಅದ್ಕೇ ಮುಂಚೇನೇ ರಾಮನಗರದ ಗೂಡಿನ ಮಾರ್ಕೆಟ್ಟಿಗೆ ಸಾಗಿಸ್ಬುಡಾದು. ಅಲ್ಲಿ ಬೇಯಿಸ್ತಾರೆ." ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಹುಳ ಸಾಕುತ್ತಿದ್ದಾರೆ. ಒಂದು ಪತಂಗವನ್ನೂ ನೋಡಿಲ್ಲ.

ಜುಲೈ 22, ಸೋಮವಾರ

ಇಂದ್ರಮ್ಮನ ಮಗ ಚಲುವರಾಜು ಬೆಳಿಗ್ಗೆ ಬಸ್‌ಸ್ಟಾಪಿನಿಂದ ಬೈಕಿನಲ್ಲಿ ಕರೆತಂದ. ಒಳ್ಳೆಯ ಮನುಷ್ಯ, ಮಾತು ಮಾತ್ರ ಹರಿತ. "ಹಿಂದಿನ ಎರಡು ಬೆಳೆನೂ ಊಜಿ ನೊಣ ತಿನ್ಕೊಂಡೋಯ್ತು ಸಾರ್. ಅವ್ವಂಗೆ ವಯಸ್ಸಾಯ್ತು, ಕಣ್ಣು ಸೂಕ್ಷ್ಮ ಇಲ್ಲ, ಪರದೆ ಸರಿಯಾಗಿ ಮುಚ್ಚಲ್ಲ. ಇದೊಂದು ಬೆಳೆ ನೋಡ್ತೀನಿ. ಇದೂ ಕೆಟ್ರೆ ಹುಳದ ಮನೆ ಬಿಚ್ಚಾಕ್ಬುಟ್ಟು ಕೋಳಿ ಶೆಡ್ ಮಾಡ್ತೀನಿ" ಅಂದ.

ಊಜಿ ಅಂದರೆ ಹುಳದ ಮೈಮೇಲೆ ಮೊಟ್ಟೆ ಇಡುವ ಒಂದು ನೊಣ. ಅದಕ್ಕೆಂದೇ ಕಿಟಕಿ ಬಾಗಿಲಿಗೆಲ್ಲ ನೈಲಾನ್ ಪರದೆ.

ಮಗ ಹೇಳಿದ್ದನ್ನು ಇಂದ್ರಮ್ಮ ಸಂಜೆ ತಾವೇ ಎತ್ತಿದರು. "ನನ್ ಗಂಡ ತೀರೋದಾಗ ಮೂರ್ನೇ ದಿನಕ್ಕೆ ಎದ್ದೋಗಿ ಸೊಪ್ಪಾಕಿದೀನಿ. ಉಳ ಉಪಾಸ ಇರ್ತವಲ್ಲ. ಈಗ ಇವ್ನು ಕೋಳಿ ಸಾಕ್ತಾನಂತೆ, ಕೋಳಿ."  ಸಮಾಧಾನ ಹೇಳಲು ಹೋಗಿ, ಕೋಳಿಗೂ ಈಗ ಒಳ್ಳೆಯ ಬೇಡಿಕೆ ಇದೆ ಅಂದುಬಿಟ್ಟೆ. ಬಾಯಿಗೆ ಬೀಗ ಹಾಕಿಕೊಳ್ಳಬೇಕು ನಾನು.

ಜುಲೈ 24, ಬುಧವಾರ

ಚಾಕಿ ಬಂತು. ಎರಡು ಸಲ ಪೊರೆ ಬಿಟ್ಟ ಎಳೆ ಹುಳಕ್ಕೆ ಇಲ್ಲಿ ಚಾಕಿ ಅನ್ನುತ್ತಾರೆ. ಇನ್ನು ಗೂಡು ಕಟ್ಟುವವರೆಗೆ ನನಗೆ ಜೈಲುವಾಸ. ಪೌಡರ್ ಹಾಕಿಕೊಳ್ಳಬೇಡಿ ಅಂದರು. ಹಾಕಿಕೊಳ್ಳುವುದಿಲ್ಲ ತಾಯಿ.

ಜುಲೈ 25, ಗುರುವಾರ

ಮಳವಳ್ಳಿಯಲ್ಲಿ ತರಬೇತಿ ಅನ್ನುವ ಹೆಸರಿನಲ್ಲಿ ದಿನ ಹಾಳು. ಆದರೆ ಬಸ್‌ಸ್ಟ್ಯಾಂಡಿನಲ್ಲಿ ಒಂದು ಒಳ್ಳೆಯದಾಯಿತು. ಅಂಕಯ್ಯ ಅನ್ನುವ ರೈತರೊಬ್ಬರು ಗೂಡಿನ ಚೀಲ ಇಟ್ಟುಕೊಂಡು ರಾಮನಗರಕ್ಕೆ ಹೋಗಲು ನಿಂತಿದ್ದರು. ಮಕ್ಕಳಿಗೆ ಪತಂಗ ತೋರಿಸಬೇಕು, ನಾಲ್ಕು ಗೂಡು ಕೊಡುತ್ತೀರಾ ಅಂದೆ. ನಕ್ಕು ನಕ್ಕು ಸಾಕಾದರು. "ತಕ್ಕಳಿ ಸಾಮಿ, ಇದ್ಕೂ ಒಂದ್ ಪಾಠ ಅದಾ?" ಎಂದು ಎರಡು ಹಿಡಿ ಕೊಟ್ಟರು.

ಶಾಲೆಯಲ್ಲಿಟ್ಟರೆ ಇಲಿ ಬಿಡುವುದಿಲ್ಲ. ಚಾಕ್‌ಪೀಸ್ ಡಬ್ಬಕ್ಕೆ ತೂತು ಮಾಡಿ, ಗೂಡು ತುಂಬಿ, ನನ್ನ ಕೋಣೆಯ ಶೆಲ್ಫಿನಲ್ಲಿ ಪುಸ್ತಕಗಳ ಹಿಂದೆ ಇಟ್ಟಿದ್ದೇನೆ. ಮೇಲೆ ಗವಾಕ್ಷಿ ಇದೆ, ಗಾಳಿ ಚೆನ್ನಾಗಿ ಆಡುತ್ತದೆ. ಇಂದ್ರಮ್ಮನಿಗೆ ಹೇಳಲಿಲ್ಲ. ಹೇಳಿದರೆ ಬೇಡ ಅನ್ನುತ್ತಾರೆ, ಅವರಿಗೆ ಎಲ್ಲವೂ ಬೇಡವೇ. ಗೂಡೇನು ಒಗ್ಗರಣೆಯೇ?

ಈ ಸಲ ಆ ಹುಡುಗಿಯ ಬಾಯಿ ಮುಚ್ಚಿಸುತ್ತೇನೆ.

ಜುಲೈ 29, ಸೋಮವಾರ

ಬರೆಯಲು ಕೈ ಬರುತ್ತಿಲ್ಲ.

ಮಂಡ್ಯದಿಂದ ಬಂದವನೇ ಡಬ್ಬ ನೋಡಿದೆ. ಏಳೆಂಟು ಗೂಡಿಗೆ ಸಣ್ಣ ತೂತು, ಡಬ್ಬದ ತಳದಲ್ಲಿ ಬಿಳಿಯ ದಪ್ಪ ಹುಳ ಒಂದೆರಡು ಹೊರಳಾಡುತ್ತಿದ್ದವು. ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಡಬ್ಬ ಎತ್ತಿಕೊಂಡು ಓಡಿದೆ. "ನೋಡಿ ಮಕ್ಕಳೇ, ಪತಂಗದ ಮರಿ ಹೊರಗೆ ಬರುತ್ತಿದೆ" ಎಂದು ಮೇಜಿನ ಮೇಲಿಟ್ಟೆ.

ಮುಂದಿನ ಬೆಂಚಿನವರು ಒಟ್ಟಿಗೆ ಹಿಂದಕ್ಕೆ ಜಿಗಿದರು. "ಸಾರ್, ಊಜಿ! ಊಜಿ ಉಳ ಸಾರ್ ಅದು!" ಹಿಂದಿನ ಬೆಂಚು ಬಿದ್ದು ಬಿದ್ದು ನಕ್ಕಿತು. ನಗದೆ ಇದ್ದವಳು ಅಮೃತ ಒಬ್ಬಳೇ. ಮುಖ ಬಿಳುಚಿಕೊಂಡಿತ್ತು.

"ಡಬ್ಬ ಎಲ್ಲಿಟ್ಟಿದ್ರಿ ಸಾರ್?"

"ರೂಮಿನಲ್ಲಿ."

"ಮಿಕ್ಕಿದ್ ಉಳ ಎಲ್ಲೋದ್ವು?"

ತೂತಾದ ಗೂಡುಗಳಿಗೂ ಡಬ್ಬದಲ್ಲಿದ್ದ ಹುಳಗಳಿಗೂ ಲೆಕ್ಕ ತಾಳೆಯಾಗಲಿಲ್ಲ. ಲೆಕ್ಕದ ಮೇಷ್ಟ್ರಿಗೆ ಅದು ಹೊಳೆದದ್ದು ಆಗ.

ಡಬ್ಬವನ್ನು ಬಿಸಿಯೂಟದ ಒಲೆಗೆ ಹಾಕಿಸಿದೆ. ನಾಗಮಣಿ ಮೇಡಂಗೆ ಫೋನ್ ಮಾಡಿದೆ. ನಗುತ್ತಲೇ ಶುರು ಮಾಡಿದವರು ನಗು ನಿಲ್ಲಿಸಿ ವಿವರಿಸಿದರು. ಆ ಹುಳ ನೆಲದ ಬಿರುಕಿಗೆ ಇಳಿದು, ಕಂದು ಬಣ್ಣದ ಕೋಶವಾಗಿ, ಹತ್ತು ಹನ್ನೆರಡು ದಿನಕ್ಕೆ ನೊಣವಾಗಿ ಏಳುತ್ತದಂತೆ. "ಲಾರ್ವಾ, ಪ್ಯೂಪಾ, ಪ್ರೌಢ ಕೀಟ. ನೀವು ಮಾಡ್ತಿರೋ ಪಾಠಾನೇ ಸಾರ್ ಅದು" ಅಂದರು. ಆ ಹೊತ್ತಿಗೆ ಗೋಡೆಯಾಚೆಯ ಹುಳಗಳು ದಪ್ಪಗಾಗಿ, ಊಜಿಗೆ ಹೇಳಿ ಮಾಡಿಸಿದ ಹಾಗೆ ಇರುತ್ತವೆ. ಮತ್ತು ಆ ಗವಾಕ್ಷಿ. ಅದರ ಆಚೆ ಬದಿ ಹುಳದ ಮನೆ. ಅದಕ್ಕೆ ಪರದೆಯೇ ಇಲ್ಲ, ಯಾಕೆಂದರೆ ಅದು ಮನೆಯ ಒಳಗಿನ ಕಿಂಡಿ.

ಜುಲೈ 30, ಮಂಗಳವಾರ

ಬೆಳಿಗ್ಗೆಯೆಲ್ಲ ನನಗೆ ನಾನೇ ವಾದ ಮಾಡಿಕೊಂಡೆ. ಊಜಿ ಈ ಸೀಮೆಯಲ್ಲೆಲ್ಲ ಇದೆ. ಹಿಂದಿನ ಎರಡು ಬೆಳೆ ಕೆಟ್ಟಾಗ ನನ್ನ ಡಬ್ಬ ಇತ್ತೇ? ಬಂದರೆ ನನ್ನದೇ ನೊಣ ಅಂತ ಏನು ಸಾಬೀತು? ವಾದ ಚೆನ್ನಾಗಿಯೇ ಇತ್ತು. ಆದರೆ ಅಮೃತ ಕ್ಲಾಸಿನಲ್ಲಿ ತಲೆ ಎತ್ತಿ ನನ್ನನ್ನು ನೋಡಲೇ ಇಲ್ಲ. ಹುಡುಗಿ ಮನೆಯಲ್ಲೂ ಬಾಯಿ ಬಿಟ್ಟಿಲ್ಲ ಎಂದು ಗೊತ್ತಾಯಿತು. ನಾನೇ ಹೇಳಲಿ ಅಂತ ಕಾಯುತ್ತಿದ್ದಾಳೆ.

ಸಂಜೆ ಇಂದ್ರಮ್ಮ ಸೊಪ್ಪಿನ ಹೊರೆ ಇಳಿಸುತ್ತಿದ್ದಾಗ ಹೋಗಿ ಹೇಳಿದೆ.  ಕೇಳಿದರು. ಕೈಯಲ್ಲಿದ್ದ ಸೊಪ್ಪನ್ನು ಕೆಳಗೆ ಇಡಲಿಲ್ಲ. 

"ಓದಿರೋನೇನಯ್ಯ ನೀನು?"

ಕೈಯಲ್ಲಿದ್ದ ಸೊಪ್ಪನ್ನು ಈಗ ಇಟ್ಟು, ಸೆರಗು ಬಿಗಿದರು.

"ಚಲುವಂಗೆ ಏಳ್ಬ್ಯಾಡ. ಏಳಿದ್ರೆ ನಿನ್ನ ಇವತ್ತೇ ಒರಗಾಕ್ತಾನೆ. ಊರಿಗೆ ಗೊತ್ತಾದ್ರೆ ಇಸ್ಕೂಲಲ್ಲೂ ಇರಾಕ್ ಬುಡಲ್ಲ. ನಡಿ. ಗುದ್ದಲಿ ತತ್ತೀನಿ. ನೆಲ ಕೆರಿ."

ಇಬ್ಬರೂ ಸೇರಿ ನನ್ನ ಕೋಣೆಯ ನೆಲದ ಸಂದುಗೊಂದನ್ನೆಲ್ಲ ಕೆರೆದೆವು. ಕಂದು ಬಣ್ಣದ ಗುಳಿಗೆಯಂಥವು ಕೆಲವು ಸಿಕ್ಕವು. ಎಲ್ಲವೂ ಸಿಕ್ಕವೇ? ಯಾರಿಗೆ ಗೊತ್ತು. ಗವಾಕ್ಷಿಗೆ ಎರಡು ಪದರ ಪರದೆ ಹೊಡೆದೆ. ಹುಳದ ಮನೆಯ ಒಳಗೆ ಸೂರಿಗೂ ಗೋಡೆಗೂ ನಡುವೆ ಬೆರಳು ಹೋಗುವಷ್ಟು ಸಂದು ಇತ್ತು. ಅದನ್ನು ಅವರು ಯಾವತ್ತೂ ನೋಡಿರಲಿಲ್ಲ. ಅದಕ್ಕೂ ಸಿಮೆಂಟು ಮೆತ್ತಿದೆ. ಅಂಗೈ ಬೊಬ್ಬೆ ಬಂದಿದೆ.

ಆಗಸ್ಟ್ 2, ಶುಕ್ರವಾರ

ಶಿಕ್ಷೆ ಶುರುವಾಗಿದೆ. ಬೆಳಿಗ್ಗೆ ಸೊಪ್ಪು ಕುಯ್ಯಬೇಕು, ಶಾಲೆಯಿಂದ ಬಂದವನೇ ಸೊಪ್ಪು ಹಾಕಬೇಕು. ಸೋಂಕು ತಾಗದಿರಲೆಂದು ಬಾಗಿಲಲ್ಲಿ ಹರಡಿದ ಸುಣ್ಣ ಮೆಟ್ಟಿ ಒಳಗೆ ಹೋಗಬೇಕು. ನಾನು ಸಂಬಳ ತೆಗೆದುಕೊಳ್ಳುವ ಸರ್ಕಾರಿ ನೌಕರ, ಈ ಮುದುಕಿಯ ಜೀತದಾಳಲ್ಲ! "ಹಂಗೆ ರಾಶಿ ಸುರೀಬ್ಯಾಡ ಕಣಯ್ಯ, ಕೆಳಗಿರೋವು ಉಸಿರು ಕಟ್ತವೆ" ಎಂದು ಬೈಸಿಕೊಳ್ಳುವುದು ಬೇರೆ.

ಹುಳ ತಿನ್ನುವ ಸದ್ದು ಮಾತ್ರ ಕೇಳಬೇಕು. ಕಣ್ಣು ಮುಚ್ಚಿದರೆ ಹೊರಗೆ ಸಣ್ಣ ಮಳೆ ಹಿಡಿದಂತೆ.

ಆಗಸ್ಟ್ 4, ಭಾನುವಾರ

ಮಂಡ್ಯಕ್ಕೆ ಹೋಗಲಿಲ್ಲ. ಹುಳ ನಾಲ್ಕನೇ ಜ್ವರಕ್ಕೆ ಕೂತಿವೆ. ಪೊರೆ ಬಿಡುವುದಕ್ಕೆ ಇವರು ಜ್ವರ ಅನ್ನುತ್ತಾರೆ. ಅನ್ನಬೇಕಾದ್ದೇ. ತಲೆ ಎತ್ತಿ, ಮೇವು ಬಿಟ್ಟು, ಅಲ್ಲಾಡದೆ ಕೂತಿರುತ್ತವೆ. ಮುಟ್ಟಬಾರದು. ಒಂದು ಹುಳದ ತಲೆಯ ಹಿಂದೆ ಹಳೆಯ ಚರ್ಮ ಬಿರಿದು ಹಿಂದಕ್ಕೆ ಸರಿಯುವುದನ್ನು ಪೂರ್ತಿ ನೋಡಿದೆ. ಅಂಗಿ ಕಳಚಲು ನಾವು ಇಷ್ಟು ಕಷ್ಟಪಡಬೇಕಾಗಿದ್ದರೆ ಬೆತ್ತಲೆಯೇ ಇರುತ್ತಿದ್ದೆವು. ಹೊಸ ಬಾಯಿ ಮೊದಲು ಬಿಳಿಯಾಗಿದ್ದು ಆಮೇಲೆ ಕಪ್ಪಾಗುತ್ತದೆ. ಪುಸ್ತಕದಲ್ಲಿ ಇದೊಂದೂ ಇಲ್ಲ. ಬರೆದವರು ಯಾರೋ ನನ್ನಂಥವರೇ ಇರಬೇಕು.

ಕವಿತ ಫೋನಿನಲ್ಲಿ, "ಹುಳಕ್ಕಿಂತ ನಾನು ಕಡೆಯಾದೆನಾ?" ಅಂದಳು. ಜ್ವರ ಬಂದಿದೆ ಕಣೇ ಅಂದೆ. ಯಾರಿಗೆ ಎಂದು ಹೆದರಿಕೊಂಡಳು.

ಆಗಸ್ಟ್ 9, ಶುಕ್ರವಾರ

ನೊಣ ಸಿಕ್ಕಿತು. ನನ್ನ ಕಿಟಕಿಯಲ್ಲಲ್ಲ, ಹುಳದ ಮನೆಯ ಒಳಗಿನ ಪರದೆಗೆ ಅಂಟಿಕೊಂಡು. ಹೊರಗಿನಿಂದ ಬಂದದ್ದಾದರೆ ಪರದೆಯ ಹೊರಗಿರಬೇಕಿತ್ತು. ಗವಾಕ್ಷಿ ಮುಚ್ಚುವ ಮುಂಚೆಯೇ ನನ್ನ ಡಬ್ಬದ ಮರಿಗಳು ಆಚೆ ಇಳಿದಿರಬೇಕು.

ಆಗಸ್ಟ್ 10, ಶನಿವಾರ

ಮತ್ತೆ ನಾಲ್ಕು. ಅಮೃತ ಮೂರು ಹೊಡೆದಳು. ಹುಳಗಳ ಮೈಮೇಲೆ ಕಪ್ಪು ಚುಕ್ಕೆ ಶುರುವಾಗಿದೆ. ಅಲ್ಲಿ ಮೊಟ್ಟೆ ಒಡೆದು ಮರಿ ಒಳಗೆ ಇಳಿದಿದೆ ಎಂದರ್ಥ. ಇಂದ್ರಮ್ಮ ಪಟ್ಟಲಮ್ಮನಿಗೆ ಹರಕೆ ಕಟ್ಟಿಕೊಂಡರು. ಅದರಿಂದೇನಾಗುತ್ತದೆ ಎಂದು ನಾನು ಕೇಳಲಿಲ್ಲ.

ಆಗಸ್ಟ್ 13, ಮಂಗಳವಾರ

ಹುಳ ಹಣ್ಣಾದವು. ಮೈ ಹಳದಿಗೆ ತಿರುಗಿ, ಬೆಳಕಿಗೆ ಹಿಡಿದರೆ ಆಚೆ ಕಾಣುವಂತಾಗಿ, ತಲೆ ಅತ್ತಿತ್ತ ಆಡಿಸುತ್ತವೆ. ಆರಿಸಿ ಆರಿಸಿ ಚಂದ್ರಿಕೆಗೆ ಬಿಟ್ಟೆವು. ಚಂದ್ರಿಕೆ ಎಂದರೆ ಬಿದಿರಿನ ತಟ್ಟೆ, ಅದರ ಸುತ್ತುಗಳ ನಡುವೆ ಹುಳ ಗೂಡು ಕಟ್ಟುತ್ತದೆ. ನಿನ್ನೆ ಬಿಟ್ಟವು ಆಗಲೇ ತೆಳ್ಳಗೆ ನೂಲು ಸುತ್ತಿಕೊಂಡು ಒಳಗಿಂದ ಕಾಣುತ್ತಿದ್ದವು. ನೋಡುತ್ತಾ ನಿಂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ಆಮೇಲೆ ಕೆಳಗೆ ಹಾಸಿದ ಪೇಪರಿನ ಮೇಲೆ ಟಪ್ ಎಂದು ಏನೋ ಬಿತ್ತು. ಊಜಿ ಮರಿ. ಆಮೇಲೆ ಇನ್ನೊಂದು. ಚಲುವರಾಜು ಬಾಗಿಲಲ್ಲೇ ನಿಂತು ನೋಡಿ, "ಕಣ್ ಕಾಣ್ದೋದ್ರೆ ಯಾಕವ್ವ ಈ ಕರ್ಮ?" ಅಂದ. ಇಂದ್ರಮ್ಮ ತುಟಿ ಬಿಚ್ಚಲಿಲ್ಲ. ನಾನೂ ಬಿಚ್ಚಲಿಲ್ಲ.

ಆಗಸ್ಟ್ 18, ಭಾನುವಾರ

ಗೂಡು ಬಿಡಿಸಿದೆವು. ಒಳ್ಳೆಯವನ್ನು ಆರಿಸಿದರೆ ಎಂದಿನ ಅರ್ಧವೂ ಇಲ್ಲ. ಅದನ್ನೇ ಚಲುವರಾಜು ರಾಮನಗರಕ್ಕೆ ಒಯ್ದ. ಮಿಕ್ಕವು, ಕಲೆಯಾದವು, ತೆಳುವಾದವು, ಒಂದಕ್ಕೊಂದು ಅಂಟಿದವು, ಚಂದ್ರಿಕೆಯಲ್ಲೇ ಉಳಿದವು. ಅವನ್ನು ಯಾರೂ ಕೊಳ್ಳುವುದಿಲ್ಲ.

ಅವನು ವಾಪಸು ಬಂದು ಮಾತಿಲ್ಲದೆ ಉಂಡ. ಕೈ ತೊಳೆಯುವಾಗ ಹೇಳಿದ. "ಸನಿವಾರ ಆಳು ಬತ್ತಾರೆ ಕಣವ್ವ. ತಗಡು ಇಳಿಸ್ತೀವಿ." ಇಂದ್ರಮ್ಮ ಹೂಂ ಅಂದರು. ಅಷ್ಟೇ, ಒಂದು ಹೂಂ.  ಆ ಮುದುಕಿಯ ಕಣ್ಣಿಗೆ ಏನೂ ಆಗಿಲ್ಲ. ಸೊಪ್ಪಿನ ರಾಶಿಯಲ್ಲಿ ಬಿದ್ದ ಒಂದು ಸೊಳ್ಳೆ ಅವರಿಗೆ ಕಾಣುತ್ತದೆ. ನನ್ನ ತಪ್ಪನ್ನು ತಾವು ಉಂಡು ಕೂತಿದ್ದಾರೆ. ನನಗೇನು ನಾಲಿಗೆ ಇಲ್ಲವೇ? ಇದೆ. ಮಂಡ್ಯದ ಮನೆ, ಶಾಲೆ, ಮರ್ಯಾದೆ, ಇವೂ ಇವೆ. ಥೂ.

ಹುಳದ ಮನೆಗೆ ಬಾಗಿಲು ಹಾಕಿದರು. ಯಾರಿಗೂ ಒಳಗೆ ಹೋಗುವ ಮನಸ್ಸಿಲ್ಲ.

ಆಗಸ್ಟ್ 24, ಶನಿವಾರ

ಇವತ್ತಿನದನ್ನು ಒಂದೂ ಬಿಡದೆ ಬರೆದಿಡಬೇಕು.

ಬೆಳಿಗ್ಗೆ ಪ್ರಾರ್ಥನೆ ನಡೆಯುತ್ತಿದ್ದಾಗ ಅಮೃತ ಓಡಿ ಬಂದಳು. ಚಪ್ಪಲಿ ಇರಲಿಲ್ಲ. ಸಾಲಿನಲ್ಲಿ ನಿಲ್ಲದೆ ನೇರ ನನ್ನ ಹತ್ತಿರ ಬಂದು, "ಸಾರ್, ಬಂದವೆ. ತುಂಬಾ ಬಂದವೆ" ಅಂದಳು. ಏನು ಎಂದು ಕೇಳಬೇಕಾಗಲಿಲ್ಲ. ಹೆಡ್‌ಮಾಸ್ಟರ್ ಕಡೆ ನೋಡಿದೆ. ಅವರು ಬಾಯಿ ತೆಗೆಯುವ ಮುಂಚೆಯೇ, "ಎಂಟನೇ ಕ್ಲಾಸು, ಬನ್ನಿ" ಅಂದೆ. ನನ್ನ ಸೇವಾವಧಿಯಲ್ಲಿ ಅಪ್ಪಣೆ ಇಲ್ಲದೆ ಗೇಟು ದಾಟಿದ್ದು ಇದೇ ಮೊದಲು.

ಹುಳದ ಮನೆಯ ಮುಂದೆ ಚಲುವರಾಜು, ಇಬ್ಬರು ಆಳು, ಏಣಿ. ಬಾಗಿಲಲ್ಲಿ ಇಂದ್ರಮ್ಮ. ಮಕ್ಕಳನ್ನು ತಡೆದರು. "ಕಾಲಿಗೆ ಸುಣ್ಣ ಮೆಟ್ಕೊಂಡು ಬನ್ರಪ್ಪ." ಒಳಗೆ ಸಾಕುವ ಹುಳ ಒಂದೂ ಇಲ್ಲ, ಆದರೂ ಸುಣ್ಣ. ಎಲ್ಲರೂ ಮೆಟ್ಟಿದರು, ನಾನೂ ಮೆಟ್ಟಿದೆ.

ಬಿಟ್ಟುಹೋದ ಚಂದ್ರಿಕೆಗಳ ತುಂಬ ಪತಂಗ. ಕೆನೆ ಬಣ್ಣ, ದಪ್ಪ ಹೊಟ್ಟೆ, ತಲೆಯ ಮೇಲೆ ಬಾಚಣಿಗೆಯಂಥ ಎರಡು ಮೀಸೆ. ಯಾರೂ ಬೇಡವೆಂದ ಕಲೆಯ ಗೂಡು, ತೆಳು ಗೂಡು, ಅವುಗಳಿಂದಲೇ ಬಂದಿದ್ದವು. ನಮ್ಮ ಕಣ್ಣೆದುರೇ ಒಂದು ಗೂಡಿನ ತುದಿ ಒದ್ದೆಯಾಯಿತು, ತಲೆ ಬಂತು, ಮುದುಡಿದ ರೆಕ್ಕೆ ಬಂತು, ಮೆಲ್ಲಗೆ ಬಿಚ್ಚಿಕೊಂಡಿತು. 

"ಹಾರ್ತದಾ ಸಾರ್?" ಅಂದ ಒಬ್ಬ.

ಹಾರಲಿಲ್ಲ. ರೆಕ್ಕೆಯನ್ನು ಪಟಪಟ ಬಡಿಯುತ್ತವೆ, ಸುತ್ತುತ್ತವೆ, ಮೇಲೆ ಏಳುವುದಿಲ್ಲ. ಹಾರುತ್ತದೆ ಎಂದು ನಾನೇ ಪಾಠ ಮಾಡಿದ್ದೆ. "ತಪ್ಪು ಹೇಳಿದ್ದೆ" ಅಂದೆ. ಅಮೃತ ಒಂದನ್ನು ಅಂಗೈ ಮೇಲೆ ಬಿಟ್ಟುಕೊಂಡು ಮುಖದ ಹತ್ತಿರ ಹಿಡಿದಳು. "ಇದಕ್ಕೆ ಬಾಯಿ ಕಾಣ್ತಿಲ್ಲ ಸಾರ್." ತಿನ್ನುವ ಬಾಯಿ ಇಲ್ಲ, ಇನ್ನು ಅದು ಏನನ್ನೂ ತಿನ್ನುವುದಿಲ್ಲ, ಜೊತೆಗೂಡಿ ಮೊಟ್ಟೆ ಇಟ್ಟು ಸಾಯುತ್ತದೆ ಅಂದೆ. ಇದನ್ನು ಮಾತ್ರ ನಾಗಮಣಿ ಮೇಡಂ ಹತ್ತಿರ ಕೇಳಿಕೊಂಡಿದ್ದೆ.

ಇಂದ್ರಮ್ಮ ಗೋಡೆ ಹಿಡಿದು ಕೂತರು. "ಅಯ್ಯೋ ನನ್ ಕಂದ. ಅಷ್ಟ್ ಸೊಪ್ಪು ತಿನ್ನಾದು ಇದ್ಕಾ? ಆಮೇಲೆ ಬಾಯೇ ಇಲ್ವಾ?" ಕಣ್ಣೊರೆಸಿಕೊಂಡರು. "ಇಷ್ಟ್ ವರ್ಸ ಸಾಕಿದ್ನಲ್ಲ, ಇವ್ರ ಮಕ ನೋಡ್ನಿಲ್ವಲ್ಲ ನಾನು." ಪೇಪರಿನ ಮೇಲೆ ಒಂದು ಪತಂಗ ಹಳದಿ ಮೊಟ್ಟೆಗಳನ್ನು ಒತ್ತೊತ್ತಾಗಿ ಸಾಲಿಡುತ್ತಿತ್ತು.

ಹೊರಗಿನಿಂದ ಚಲುವರಾಜು ಕೂಗಿದ. "ಆಯ್ತಾ ಸಾರ್? ಆಳು ಕಾಯ್ತಾವ್ರೆ."

"ಇವತ್ತು ಬಿಚ್ಚಾಕಾಗಲ್ಲ ಕಣ್ಲಾ" ಅಂದರು ಇಂದ್ರಮ್ಮ.

"ಯಾಕವ್ವ?"

"ಮೊಟ್ಟೆ ಇಕ್ತಾ ಅವೆ. ಬಾಣಂತಿ ಇರೋ ಮನೆ ತಗಡು ಯಾರ್ಲಾ ಇಳಿಸ್ತಾರೆ?"

ಆಳುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಚಲುವರಾಜುವಿಗೆ ನಗುವೂ ಬಂತು, ಸಿಟ್ಟೂ ಬಂತು. "ಉಳಕ್ಕೂ ಬಾಣಂತನವಾ? ಮೊಟ್ಟೆ ಇಕ್ಕಿ ಸತ್ತೋಯ್ತವಂತೆ, ಮೇಷ್ಟ್ರೇ ಅಂದ್ರಲ್ಲ. ನೋಡವ್ವ, ನಿನ್ ಕೈಲಿ ಆಗಾಕಿಲ್ಲ. ಮೂರು ಬೆಳೆ ಊಜಿಗೆ ಆಕ್ದೆ. ನಾನೇನ್ ಸುಳ್ಳೇಳ್ತಾ ಇದೀನಾ?"

ಇಂದ್ರಮ್ಮ ತಲೆ ಬಗ್ಗಿಸಿದರು. ಮಕ್ಕಳೆಲ್ಲ ನೋಡುತ್ತಿದ್ದರು.

"ಮೂರಲ್ಲ. ಈ ಬೆಳೆಯ ಊಜಿ ನನ್ನದು" ಅಂದೆ.

ಬಾಯಿಗೆ ಬಂದುಬಿಟ್ಟಿತು. ಬಂದ ಮೇಲೆ ಪೂರ್ತಿ ಹೇಳಿದೆ. ಅಂಕಯ್ಯನ ಗೂಡು, ಡಬ್ಬ, ಗವಾಕ್ಷಿ, ಎಲ್ಲ. ನಿಮ್ಮ ತಾಯಿ ಪರದೆ ಮುಚ್ಚಿದ್ದರು, ಒಳಗಿನಿಂದ ತೂರಿಸಿದವನು ನಾನು ಅಂದೆ. ಅವರ ಕಣ್ಣು ಸರಿಯಾಗಿದೆ, ಕೈ ಸರಿಯಾಗಿದೆ ಅಂದೆ. ದನಿ ತರಗತಿಯಲ್ಲಿ ಬೈಯುವಾಗಿನಷ್ಟು ಜೋರಾಗಿತ್ತೆಂದು ಕಾಣುತ್ತದೆ, ಬೀದಿಯಲ್ಲಿ ಜನ ನಿಂತರು.

ಚಲುವರಾಜು ನನ್ನನ್ನು ನೋಡಲಿಲ್ಲ. ತಾಯಿಯನ್ನು ನೋಡಿದ.

"ನಿಂಗ್ ಗೊತ್ತಿತ್ತಾ?"

"ಹೂಂ."

"ಗೊತ್ತಿದ್ದೂ ನನ್ ಕೈಲಿ ಬೈಸ್ಕೊಂಡಾ?"

"ಅವ್ನೇ ಬಂದು ಏಳ್ದ ಕಣ್ಲಾ. ನಡುಗ್ತಾ ನಿಂತಿದ್ದ. ತಾನಾಗೇ ಬಂದು ಏಳ್ದೋನ ಎಂಗ್ ಬುಟ್ಕೊಡಾದು?"

 ಅವನು ಏಣಿಯನ್ನು ತಾನೇ ಇಳಿಸಿ ಗೋಡೆಯ ಬದಿಗೆ ಮಲಗಿಸಿ, ಆಳುಗಳಿಗೆ ಹೋಗಿ ಎಂದು ಕೈ ಮಾಡಿದ. ನನ್ನ ಕಡೆ ತಿರುಗಿ, "ಸಾರ್, ಸಂಜೆಯೊಳಗೆ ರೂಮ್ ಖಾಲಿ ಮಾಡಿ. ನಮ್ ಮನೆ ಹೊಸ್ತಿಲು ತುಳೀಬ್ಯಾಡಿ" ಅಂದ. ನ್ಯಾಯವಾಗಿಯೇ ಅಂದ.

ಮಕ್ಕಳನ್ನು ಕರೆದುಕೊಂಡು ಶಾಲೆಗೆ ಹೋದೆ. ಹೆಡ್‌ಮಾಸ್ಟರ್ ಹೆಗಲ ಮೇಲೆ ಕೈಯಿಡಲು ಬಂದರು. "ಆಮೇಲೆ ಸಾರ್" ಅಂದೆ.

ಆಗಸ್ಟ್ 27, ಮಂಗಳವಾರ, ಮಳವಳ್ಳಿ

ಹೊಸ ಕೋಣೆ. ಕೆಳಗೆ ಟೈರಿಗೆ ಪಂಚರ್ ಹಾಕುವ ಅಂಗಡಿ, ದಿನವಿಡೀ ಗಾಳಿ ತುಂಬುವ ಸದ್ದು. ಮಂಚ ಕುಂಟುತ್ತದೆ. ಓನರ್ ಮಾತ್ರ ಏನೂ ಕೇಳುವುದಿಲ್ಲ, ಬೈಯುವುದೂ ಇಲ್ಲ. ಹಳ್ಳಿಯಲ್ಲಿ ಎಲ್ಲರೂ ನನ್ನನ್ನು ಊಜಿ ಮೇಷ್ಟ್ರು ಅನ್ನುತ್ತಾರಂತೆ, ಹೆಡ್‌ಮಾಸ್ಟರ್ ಖುಷಿಯಿಂದ ತಿಳಿಸಿದರು. ಅನ್ನಲಿ.

ಇವತ್ತು ಶಾಲೆ ಬಿಟ್ಟ ಮೇಲೆ ಬಸ್ಸಿಗೆ ನಿಂತಿದ್ದೆ. ಇಂದ್ರಮ್ಮ ತಲೆಯ ಮೇಲೆ ಖಾಲಿ ಮಂಕರಿ ಇಟ್ಟುಕೊಂಡು ರಸ್ತೆ ದಾಟಿ ಬಂದರು. ಮುಖ ನೋಡಲು ನನಗೆ ಧೈರ್ಯ ಸಾಲಲಿಲ್ಲ. ಮಂಕರಿ ಕೆಳಗಿಟ್ಟರು.

"ಎಲ್ಲಿದ್ದೀಯ ಈಗ?"

"ಮಳವಳ್ಳಿಯಲ್ಲಿ."

"ಗುರುವಾರ ಚಾಕಿ ಬತ್ತದೆ. ಇನ್ನೊಂದ್ ಬೆಳೆ ನೋಡು ಅಂದವ್ನೆ ಚಲುವ. ಸೊಪ್ಪು ಕುಯ್ಯಾಕೆ ಆಳಿಲ್ಲ."

"ಚಲುವರಾಜು ಹೊಸ್ತಿಲು ತುಳಿಯಬೇಡ ಅಂದಿದ್ದಾರಲ್ಲ ಇಂದ್ರಮ್ಮ."

"ಅದು ಮನೆ ಹೊಸ್ತಿಲು. ಅದ್ ಅವ್ನದು. ಉಳದ ಮನೆ ನಂದು." ಮಂಕರಿ ಮತ್ತೆ ತಲೆಗೇರಿಸಿಕೊಂಡರು. "ಹೊತ್ತುಟ್ಟಕ್ ಮುಂಚೆ ಬಾ. ಬರಿಗೈಲಿ ಬಾ, ಆ ಡಬ್ಬ ಗಿಬ್ಬ ತಂದೀಯ."

ಹೋಗಿಬಿಟ್ಟರು. ಬರುತ್ತೀಯಾ ಎಂದು ಕೇಳಲೂ ಇಲ್ಲ. ನಾನೇನು ಅವರ ಮನೆಯ ಆಳೇ? ಮೊದಲ ಬಸ್ಸು ಐದೂವರೆಗೆ, ಅದೂ ಬಂದರೆ ಬಂತು. ಬೆಳಗಿನ ಚಳಿಯಲ್ಲಿ ಒದ್ದೆ ಸೊಪ್ಪು ಕುಯ್ದು, ಸುಣ್ಣ ಮೆಟ್ಟಿ, ಬೈಸಿಕೊಂಡು, ಆಮೇಲೆ ಪಾಠ ಮಾಡಬೇಕು. ಈ ವಯಸ್ಸಿನಲ್ಲಿ ನನಗೆ ಇದೆಲ್ಲ ಬೇಕಿತ್ತೇ?

ಗುರುವಾರಕ್ಕೆ ಅಲಾರಂ ಇಟ್ಟಿದ್ದೇನೆ. ನಾಳೆಗೂ ಇಟ್ಟಿದ್ದೇನೆ, ಆ ಬಸ್ಸು ನಿಜವಾಗಿ ಬರುತ್ತದೋ ಇಲ್ಲವೋ ಒಮ್ಮೆ ನೋಡಿಕೊಂಡು ಬರಬೇಕು.